ಸೆಡ್ರಿಕ್ ಥೋರ್ಲಿಯ ಮೌನ

ಸೆಡ್ರಿಕ್ ಥೋರ್ಲಿಯ ಮುಖ ಇಂಗ್ಲೆಂಡಿನಲ್ಲಿ ಎಲ್ಲರಿಗೂ ಪರಿಚಯ. ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಲವತ್ತು ವರ್ಷ ನಾಟಕದಲ್ಲೂ ಸಿನಿಮಾದಲ್ಲೂ ಅವನು ಬಟ್ಲರ್, ಪಾದ್ರಿ, ಪೊಲೀಸ್ ಪೇದೆ. ಬಾಗಿಲು ತೆಗೆದು "ಯಾರೋ ಬಂದಿದ್ದಾರೆ" ಎನ್ನುವುದು, ತೋಟದಲ್ಲಿ ಹೆಣ ಸಿಕ್ಕಿದೆ ಎಂದು ಬಂದು ಹೇಳುವುದು, ಇಷ್ಟೇ ಅವನ ಪಾಲಿಗೆ. ಜನ ಬೀದಿಯಲ್ಲಿ ತಡೆದು ನಮ್ಮ ಬ್ಯಾಂಕಿನಲ್ಲಿದ್ದವರು ನೀವೇ ಅಲ್ಲವೇ ಎಂದು ಕೇಳುತ್ತಿದ್ದರು. ಹೌದು ಎಂದುಬಿಡುತ್ತಿದ್ದ, ಪುಣ್ಯಾತ್ಮ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಎನಿಡ್, ಪ್ರಾಂಪ್ಟರ್. ರಂಗದ ಪಕ್ಕದ ಮೂಲೆಯಲ್ಲಿ ನಾಟಕದ ಪ್ರತಿ ಹಿಡಿದು ಕೂತು, ನಟರು ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುವವಳು. ಇದೇನು ಮಹಾ ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ಮಾತು ಕೊಡುವುದು ಸುಲಭ, ಕೊಡದೆ ಸುಮ್ಮನಿರುವುದು ಕಷ್ಟ. ನಟ ಬೇಕೆಂದೇ ನಿಲ್ಲಿಸಿದಾಗ ನಾವು ಬಾಯಿ ಹಾಕಿದರೆ ದೃಶ್ಯವೇ ಕೆಟ್ಟಿತು. ಅದಕ್ಕೇ ತಾಲೀಮಿನಲ್ಲಿ ಅವರವರ ಮೌನಗಳಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳುತ್ತೇವೆ. ಗೆರೆ ಇದ್ದಲ್ಲಿ ತುಟಿ ಬಿಚ್ಚುವಂತಿಲ್ಲ. ಮೂವತ್ತು ವರ್ಷದಲ್ಲಿ ನಾನು ಆ ಗೆರೆ ದಾಟಿದವಳಲ್ಲ.

ಐವತ್ತೇಳನೆಯ ಇಸವಿಯಲ್ಲಿ, ತನ್ನ ಅರವತ್ತಾರನೆಯ ವಯಸ್ಸಿನಲ್ಲಿ, ಸೆಡ್ರಿಕ್‌ಗೆ ಮೊಟ್ಟಮೊದಲ ಸಲ ಮುಖ್ಯ ಪಾತ್ರ ಸಿಕ್ಕಿತು. ದೀಪಸ್ತಂಭದ ಮುದಿ ಕಾವಲುಗಾರ. ಹೆಂಡತಿಯ ದೋಣಿ ಮುಳುಗಿದ ರಾತ್ರಿ ತಾನು ಕುಡಿದು ಮಲಗಿದ್ದೆ, ದೀಪ ಹಚ್ಚಿರಲಿಲ್ಲ ಎಂದು ಕೊನೆಯ ಅಂಕದಲ್ಲಿ ಮಗಳೆದುರು ಒಪ್ಪಿಕೊಳ್ಳುತ್ತಾನೆ. ಎರಡು ಪುಟದ ಮಾತು. ಆರು ವಾರ ಊರೂರು ತಿರುಗಿ ಆಮೇಲೆ ಲಂಡನ್. ಅಲ್ಲಿಯ ತನಕ ಪಾತ್ರ ಖಾಯಂ ಅಲ್ಲ ಎಂದು ನಿರ್ದೇಶಕ ಹಾರ್ಗ್ರೀವ್ ಮೊದಲೇ ಹೇಳಿಟ್ಟಿದ್ದ. ಸೆಡ್ರಿಕ್ ಆ ಎರಡು ಪುಟವನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ.

ಲೀಡ್ಸಿನಲ್ಲಿ ಬುಧವಾರದ ಮ್ಯಾಟಿನಿ. ಮಧ್ಯಾಹ್ನದ ಆಟಕ್ಕೆ ಕೂತಲ್ಲಿಗೇ ಚಹಾ ತಂದುಕೊಡುವ ರೂಢಿ, ಪ್ರೇಕ್ಷಕರ ತೊಡೆಯ ಮೇಲೆ ಚಹಾದ ತಟ್ಟೆಗಳು ಸದ್ದು ಮಾಡುತ್ತಿದ್ದವು. ಸೆಡ್ರಿಕ್ ಆ ಮಾತಿನ ಹೊಸ್ತಿಲಿಗೆ ಬಂದು ನಿಂತ. ಅಲ್ಲಿ ನನ್ನ ಗೆರೆಯಿತ್ತು. ದಿನಾ ಎಂಟು ಎಣಿಸುವಷ್ಟು ಹೊತ್ತು ನಿಲ್ಲುತ್ತಿದ್ದ. ಆವತ್ತು ಹನ್ನೆರಡಾಯಿತು, ಇಪ್ಪತ್ತಾಯಿತು. ಅವನ ಬೆನ್ನು ನನ್ನ ಕಡೆಗಿತ್ತು, ಮುಖ ಕಾಣುತ್ತಿರಲಿಲ್ಲ. ತಟ್ಟೆಗಳ ಸದ್ದು ನಿಂತಿತು. ಇವತ್ತು ಪಾತ್ರವೇ ಇವನ ಮೈಮೇಲೆ ಬಂದಿದೆ ಎಂದುಕೊಂಡೆ. ನನ್ನ ಕಣ್ಣಲ್ಲೂ ನೀರು. ಮಗಳ ಪಾತ್ರದ ಮೊಯ್ರಾ ಬಿಳಿಚಿಕೊಂಡಳು, ಅದನ್ನೂ ಅಭಿನಯವೆಂದೇ ತಿಳಿದೆ. ಮೂವತ್ತರ ಹೊತ್ತಿಗೆ ಅವಳೇ ಮುಂದೆ ಬಂದು, ಅವನ ಮಾತೆಲ್ಲ ಮುಗಿದ ಮೇಲೆ ಹೇಳಬೇಕಾಗಿದ್ದ "ನನಗೆ ಗೊತ್ತಿತ್ತು ಅಪ್ಪ" ಎಂಬ ಮಾತು ಹೇಳಿ ಅವನನ್ನು ತಬ್ಬಿಕೊಂಡಳು. ಪರದೆ ಬಿತ್ತು. ಬೆಂಕಿ ಬಿದ್ದರೂ ಚಹಾ ಮುಗಿಸಿಯೇ ಏಳುವ ಲೀಡ್ಸಿನ ಹೆಂಗಸರು ಎದ್ದು ನಿಂತು ಚಪ್ಪಾಳೆ ಹೊಡೆದರು.

ಹಾರ್ಗ್ರೀವ್ ಓಡಿಬಂದ. ಆ ಎರಡು ಪುಟ ಇನ್ನು ಬೇಡವೇ ಬೇಡ, ಸುಮ್ಮನೆ ನಿಂತೇ ಎಲ್ಲ ಹೇಳಿಬಿಟ್ಟಿರಿ, ಲಂಡನ್ನಿನಲ್ಲೂ ಹೀಗೇ ಮಾಡಿ ಎಂದು ಸೆಡ್ರಿಕ್‌ನ ಕೈ ಕುಲುಕಿದ. ಪಾತ್ರ ಖಾಯಂ ಆಯಿತು.

ಬಣ್ಣದ ಕೋಣೆಗೆ ಹೋದೆ. ಸೆಡ್ರಿಕ್ ಅರ್ಧ ಬಣ್ಣ ಒರೆಸಿಕೊಂಡು ಹಾಗೇ ಕೂತಿದ್ದ.

"ಯಾಕೆ ಮಾತು ಕೊಡ್ಲಿಲ್ಲ ಎನಿಡ್?"

"ಬೇಕಂತ್ಲೇ ನಿಲ್ಲಿಸಿದ್ದೀಯ ಅಂದ್ಕೊಂಡೆ."

"ಮರ್ತೇಹೋಗಿತ್ತು ಕಣೇ. ಬರೀ ಮಾತಲ್ಲ. ಎಲ್ಲಿ ನಿಂತಿದೀನಿ, ಆ ಹುಡುಗಿ ಯಾರು, ಒಂದೂ ಹೊಳೀಲಿಲ್ಲ."

ಇದು ಮೊದಲ ಸಲವಲ್ಲವಂತೆ. ಹಿಂದಿನ ವಾರ ತಾನು ಇಳಿದುಕೊಂಡಿದ್ದ ಮನೆಯ ದಾರಿ ತಪ್ಪಿ ಪೊಲೀಸರನ್ನು ಕೇಳಬೇಕಾಯಿತಂತೆ. ಹಾರ್ಗ್ರೀವ್‌ಗೆ ಹೇಳಬೇಡ ಎಂದು ನನ್ನ ಎರಡೂ ಕೈ ಹಿಡಿದುಕೊಂಡ. "ಲಂಡನ್ನಲ್ಲಿ ಒಂದೇ ಒಂದು ದಿನ ಮಾಡ್ಬಿಡ್ತೀನಿ. ಆಮೇಲೆ ಏನಾದ್ರೂ ಆಗ್ಲಿ." ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹೇಗೂ ದೊಡ್ಡ ಮಾತನ್ನು ತೆಗೆದುಹಾಕಿದ್ದರು, ಉಳಿದದ್ದನ್ನು ನಾನು ಎತ್ತಿಕೊಟ್ಟು ದಡ ಮುಟ್ಟಿಸುತ್ತೇನೆ ಎಂಬ ಧೈರ್ಯ.

ಶುಕ್ರವಾರ ಬೆಳಿಗ್ಗೆ ಖಾಲಿ ಥಿಯೇಟರಿನಲ್ಲಿ ಅವನೊಬ್ಬನೇ ಮುಂದಿನ ಸಾಲಿನಲ್ಲಿ ಕೂತಿದ್ದ. ನನ್ನ ಕೈಯಲ್ಲಿದ್ದ ಪ್ರತಿ ನೋಡಿ, ಏನಾದರೂ ಓದು ಎಂದ. ನಾನು ಆ ಎರಡು ಪುಟವನ್ನೇ ತೆಗೆದೆ. ಜನರೆದುರು ಅವನು ಇನ್ನೆಂದೂ ಆಡಲಾರದ ಮಾತು, ಒಮ್ಮೆ ಕಿವಿಗಾದರೂ ಬೀಳಲಿ ಎನಿಸಿತು. ನಿಧಾನವಾಗಿ ಪೂರ್ತಿ ಓದಿದೆ. ಅವನು ಕಣ್ಣು ಮುಚ್ಚಿ ಕೇಳಿದ, ಕೊನೆಗೆ ಕಣ್ಣೊರೆಸಿಕೊಂಡ.

"ಚೆನ್ನಾಗಿದೆ. ಯಾರ್ದು ಈ ಪಾತ್ರ?"

ನಿನ್ನದೇ ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದು ಅವನು ನಕ್ಕ.

"ಹೋಗೇ ಸಾಕು. ಇಷ್ಟುದ್ದ ಮಾತು ನಂಗ್ಯಾರು ಕೊಡ್ತಾರೆ? ನಾನು ಬಾಗಿಲು ತೆಗೆಯೋನು."

ನನ್ನ ಎದೆ ಒಡೆದುಹೋಯಿತು. ಲಂಡನ್ನಿನ ಸಾವಿರ ಜನರ ಮುಂದೆ ಅವನು ಹೀಗೆ ಕಣ್ಣು ಕಣ್ಣು ಬಿಡುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಮಹಡಿ ಹತ್ತಿ ಹಾರ್ಗ್ರೀವ್‌ಗೆ ಎಲ್ಲ ಹೇಳಿಬಿಟ್ಟೆ. ಮುಂದಿನ ವಾರ ಸೆಡ್ರಿಕ್‌ನ ತಂಗಿ ಬಂದು ಅವನನ್ನು ತನ್ನೂರು ವಿಟ್‌ಬಿಗೆ ಕರೆದುಕೊಂಡು ಹೋದಳು. ಹೊರಡುವಾಗ ಅವನಿಗೆ ಎಲ್ಲವೂ ನೆನಪಿತ್ತು. ಮೊಯ್ರಾಳಿಂದ ಹಿಡಿದು ಬಾಗಿಲು ಕಾಯುವವನ ತನಕ ಎಲ್ಲರ ಕೈ ಕುಲುಕಿದ, ನನ್ನದನ್ನು ಬಿಟ್ಟು.

ಲಂಡನ್ನಿನಲ್ಲಿ ಆ ಪಾತ್ರ ಬೇರೆಯವನು ಮಾಡಿದ. ಕೊನೆಯ ಅಂಕದ ಮೌನವನ್ನು ಪತ್ರಿಕೆಗಳೆಲ್ಲ ಹಾಡಿ ಹೊಗಳಿದವು. ಪಾಪ, ಆ ಹೊಸ ನಟನೇನೂ ಕೆಟ್ಟವನಲ್ಲ. ಆದರೂ ನಾಟಕ ನಡೆದ ಆರು ತಿಂಗಳಲ್ಲಿ ಒಂದು ದಿನವೂ ಅವನ ಮುಖ ನೋಡಿ ಮಾತಾಡಲು ನನಗೆ ಆಗಲಿಲ್ಲ.