ಖಾಲಿ ಜಾಗ

ಬೆಳಗಿನಿಂದ ಗುಡ್ಡಮ್ಮ ಅರವತ್ತು ಬುಟ್ಟಿ ಕಲ್ಲು ಹೊತ್ತಿದ್ದಳು. ತಲೆಯ ಸಿಂಬಿ ನೆನೆದು ಬೆವರು ಕಣ್ಣಿಗಿಳಿಯುತ್ತಿತ್ತು. ಪರಮಶಿವಪ್ಪನ ಕ್ವಾರಿ ಗುಡ್ಡದ ಬುಡವನ್ನೇ ತಿಂದುಹಾಕಿತ್ತು. ಹೋದ ಮಳೆಗಾಲದಲ್ಲಿ ಕೆಸರು, ಬಂಡೆ ಒಟ್ಟಿಗೇ ಜಾರಿ ಬಂದು ಅವಳ ಎಮ್ಮೆಯನ್ನು ಕೊಟ್ಟಿಗೆ ಸಮೇತ ಹೂತುಹಾಕಿದ್ದವು. ಈಗ ಸರ್ಕಾರದಿಂದ ತಡೆಗೋಡೆ. ಅದರ ಗುತ್ತಿಗೆಯೂ ಪರಮಶಿವಪ್ಪನದೇ! ಕೂಲಿಗೆ ಬಂದ ಹನ್ನೆರಡು ಹೆಂಗಸರು ಗುಡ್ಡದ ಕೆಳಗಿನ ಕೇರಿಯವರು. ತಮ್ಮ ಮನೆ ಉಳಿಯುತ್ತದೆಂದು ಖುಷಿಯಿಂದಲೇ ಹೊರುತ್ತಿದ್ದರು.

ವಾರಗಟ್ಟಲೆ ಹೊತ್ತ ಮೇಲೆ ಇವತ್ತು ಗೋಡೆ ಎದೆಮಟ್ಟ ಎದ್ದಾಗ ಗುಡ್ಡಮ್ಮನಿಗೆ ಅನುಮಾನ ಬಂತು. ಗೋಡೆ ಓರೆಯಾಗಿ ಹೊರಟಿತ್ತು. ಅದರ ಮೂತಿ ನೇರ ಕೇರಿಯ ಕಡೆಗೆ.

"ಸಾರ್, ಇದು ಹಿಂಗ್ಯಾಕೆ ಡೊಂಕು ಹೋಗ್ತೈತೆ?"

ಇಂಜಿನಿಯರ್ ರಾಜಕುಮಾರ್ ದಿನಾ ಮಧ್ಯಾಹ್ನ ಅವಳ ಮನೆಯಲ್ಲೇ ನೀರು ಕುಡಿಯುವವನು. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಚಿತ್ರದ ಗುಡ್ಡದಿಂದ ಕೆಂಪು ಕೆಸರು ಇಳಿಯಿತು, ಗೋಡೆಗೆ ಬಡಿದು ಹೊರಳಿತು, ಕೆಳಗೆ ಹೋಗಿ ನಿಂತಿತು. ಗೋಡೆಯ ಇನ್ನೊಂದು ಪಕ್ಕದಲ್ಲಿದ್ದ ಪರಮಶಿವಪ್ಪನ ರೈಸ್ ಮಿಲ್ಲಿಗೆ ಒಂದು ಹನಿಯೂ ತಾಗಲಿಲ್ಲ.

"ಇದು ಗಣಿತ ಅಮ್ಮ. ಇಳಿಜಾರು, ಮಳೆ, ಮಣ್ಣು ಎಲ್ಲಾ ಲೆಕ್ಕ ಹಾಕಿದೀವಿ. ಹಿಂಗೆ ತಿರುಗಿಸಿದ್ರೆ ನಷ್ಟ ಸೊನ್ನೆ."

"ಕೆಸರು ನಿಂತಿದ್ದು ಯಾವ ಜಾಗ?"

"ಅದಾ? ಖಾಲಿ ಜಾಗ."

"ಅಲ್ಲೊಂದು ಬೇವಿನ ಮರ ಕಾಣ್ತೈತಲ್ಲ ಸಾರ್. ಅದು ನಮ್ಮನೆ ಮುಂದಿಂದು."

ಅವನು ತಲೆ ಕೆರೆದುಕೊಂಡ. "ನಿಮ್ಮ ಮನೆಗಳಿಗೆ ಖಾತೆ ಇಲ್ವಲ್ಲಮ್ಮ. ಖಾತೆ ಇಲ್ದೆ ನಕ್ಷೆಗೆ ಹಾಕೋಕಾಗಲ್ಲ."

"ಮೂವತ್ತೊರ್ಸ ಅರ್ಜಿ ಹಿಡ್ಕಂಡು ಸೊರಬಕ್ಕೆ ಓಡಾಡಿ ಚಪ್ಪಲಿ ಸವೆದ್ವು. ಖಾತೆ ಕೊಡದೋರೂ ನೀವೇ, ಮನೆ ಇಲ್ಲ ಅನ್ನೋರೂ ನೀವೇ?"

ಜೀಪಿಗೆ ಒರಗಿದ್ದ ಪರಮಶಿವಪ್ಪ ಗದರಿದ. "ಏಯ್, ಕೂಲಿ ಕೊಡೋದು ಕಲ್ಲು ಹೊರಾಕೆ. ಲೆಕ್ಕ ಕೇಳಾಕಲ್ಲ!"

ಗುಡ್ಡಮ್ಮನಿಗೆ ಮೈಯೆಲ್ಲ ಉರಿಯಿತು. ಮಿಲ್ಲಿನ ಅಕ್ಕಿ ಮೂಟೆಗೆ ಬೆಲೆಯಿದೆ, ತೊಟ್ಟಿಲಲ್ಲಿ ಮಲಗಿರುವ ತನ್ನ ಮೊಮ್ಮಗಳಿಗಿಲ್ಲ. ಇದ್ಯಾವ ಸೀಮೆ ಗಣಿತ? ಬುಟ್ಟಿಯನ್ನು ಅಲ್ಲೇ ಕವುಚಿದಳು.

"ಇಷ್ಟು ದಿನ ನಮ್ಮ ಗೋರಿಗೆ ನಾವೇ ಕಲ್ಲು ಹೊತ್ತೀವಿ ಕಣ್ರೇ!"

ಹಿಂದಿದ್ದ ಬಂಗಾರಮ್ಮ ತನ್ನದನ್ನೂ ಕವುಚಿದಳು. ಆಮೇಲೆ ಮಾಲಾ. ಒಬ್ಬೊಬ್ಬರಾಗಿ ಹನ್ನೆರಡೂ ಬುಟ್ಟಿ ನೆಲ ಕಂಡವು. ಮೇಸ್ತ್ರಿ ಸಣ್ಣಪ್ಪ ಕರಣೆ ತೊಳೆದು ಚೀಲಕ್ಕೆ ಹಾಕಿದ. ಪರಮಶಿವಪ್ಪ ಬೈದ, ಪೊಲೀಸರನ್ನು ಕರೆಸುತ್ತೇನೆಂದ. ಯಾರೂ ಬುಟ್ಟಿ ಎತ್ತಲಿಲ್ಲ. "ಗೋಡೆ ತಿರುಗೋವರೆಗೂ ಒಂದು ಕಲ್ಲೂ ಏರಲ್ಲ," ಎಂದಳು ಮಾಲಾ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಹೆಂಗಸರು ಕೇರಿಗೆ ಮರಳಿದ್ದರು. ರಾಜಕುಮಾರ್ ಎಂದಿನಂತೆ ಬೇವಿನ ಮರದ ಕೆಳಗೆ ಬಂದು ನಿಂತ.

"ಅಮ್ಮ, ಒಂದು ಚೊಂಬು ನೀರು..."

ಹೊಸಿಲ ಮೇಲೆ ಕೂತಿದ್ದ ಗುಡ್ಡಮ್ಮ ಏಳಲಿಲ್ಲ.

"ಖಾಲಿ ಜಾಗದಾಗೆ ನೀರು ಕೊಡೋರು ಯಾರಿರ್ತಾರೆ ಸಾರ್?"