ಕೊಡೆ ಇಲ್ಲದ ಇಪ್ಪತ್ತೆರಡು ಮಕ್ಕಳು

ನನ್ನ ತರಗತಿಯ ಐದು ವರ್ಷದ ವಾಯ್ರಾಳಿಗೆ ತನ್ನನ್ನು ತಾನು ಕಾಪಾಡಿಕೊಳ್ಳುವ ಮನೋಬಲವೇ ಇಲ್ಲವೆಂದು, ಶಾಲೆಗೆ ಹೊಸದಾಗಿ ಬಂದ ಮನಶ್ಶಾಸ್ತ್ರಜ್ಞ ಗಾಸ್ಪರ್ ಒಯಾರ್ಸೂನ್ ಕಂಡುಹಿಡಿದರು. ಒಂದು ಹಾಳೆ, ಒಂದು ಪೆನ್ಸಿಲ್, ಹನ್ನೆರಡು ನಿಮಿಷ ಸಾಕಾಯಿತು. ‘ಮಳೆಯಲ್ಲಿ ನಿಂತ ಮನುಷ್ಯನ ಚಿತ್ರ ಬಿಡಿಸು’ ಎಂದಿದ್ದರು. ಅವಳ ಮನುಷ್ಯನ ಕೈಯಲ್ಲಿ ಕೊಡೆ ಇರಲಿಲ್ಲ. ತಲೆಯ ಮೇಲೆ ಮೋಡವಿರಲಿಲ್ಲ. ಬಾಯಿ ಮಾತ್ರ ಅಗಲವಾಗಿ ತೆರೆದಿತ್ತು.

“ಕೊಡೆ ಅಂದ್ರೆ ರಕ್ಷಣೆ ಮೇಡಂ,” ಗಾಸ್ಪರ್ ಕೈಪಿಡಿ ತಿರುವಿದರು. “ತೆರೆದ ಬಾಯಿ ಅಂದ್ರೆ ಭಯ. ಒಂದನೇ ತರಗತಿಗೆ ಕಳಿಸೋದು ಬೇಡ. ಇನ್ನೊಂದು ವರ್ಷ ನಿಮ್ಮ ಹತ್ರಾನೇ ಇರ್ಲಿ. ಶುಕ್ರವಾರ ವರದಿಗೆ ಸಹಿ ಹಾಕಿಬಿಡಿ.”

ಅವರ ಊರು ದಕ್ಷಿಣದ ಕೊನೆಯಲ್ಲಿ ಸದಾ ಮಳೆ ಸುರಿಯುವ ವಾಲ್ಡಿವಿಯಾ. ಅಲ್ಲಿ ಮಕ್ಕಳು ಕೊಡೆ ಹಿಡಿದೇ ಹುಟ್ಟುತ್ತಾರೆ. ನಮ್ಮದು ಉತ್ತರದ ಮರುಭೂಮಿಯಂಚಿನ ಅರಿಕಾ. ಇಲ್ಲಿ ಮಳೆ ಬಂದರೆ ಪತ್ರಿಕೆಯವರು ಫೋಟೊ ತೆಗೆಯಲು ಓಡುತ್ತಾರೆ. ಕ್ಯಾಮೆರಾ ತೆರೆಯುವಷ್ಟರಲ್ಲಿ ನಿಂತಿರುತ್ತದೆ.

ವಾಯ್ರಾ ಆಗಲೇ ಗೋಡೆಯ ಮೇಲಿದ್ದದ್ದನ್ನೆಲ್ಲ ಗೆಳತಿಯರಿಗೆ ಓದಿ ಹೇಳುತ್ತಿದ್ದಳು. ಅವರೆಲ್ಲ ಮುಂದೆ ಹೋಗಿ, ಅವಳೊಬ್ಬಳು ಮತ್ತೆ ಆಟದ ಮರದ ತುಂಡು ಜೋಡಿಸುತ್ತ ಕೂರಬೇಕಿತ್ತು. ಚಿತ್ರ ತೋರಿಸಿ ಕೇಳಿದೆ.

“ಇವನ್ಯಾರೇ?”

“ನಮ್ಮ ಮಾವ, ಟೀಚರ್. ಬಸ್ಸು ತೊಳೀವಾಗ ಪೈಪು ಮೇಲಕ್ಕೆ ಹಿಡೀತಾನೆ. ನಾವೆಲ್ಲ ಮಳೆ ಮಳೆ ಅಂತ ಕುಣೀತೀವಿ.”

“ಬಾಯಿ ಯಾಕೆ ತೆಗ್ದಿದಾನೆ?”

“ಹಾಡ್ತಿದಾನಲ್ಲ! ಕೇಳಿಸ್ತಿಲ್ವಾ ನಿಮ್ಗೆ?”

ಗಾಸ್ಪರ್‌ಗೆ ಹೇಳಿದೆ. “ಚೆನ್ನಾಗಿದೆ,” ಎಂದರು. “ಆದ್ರೆ ನಮೂನೇಲಿ ಹಾಡಿಗೆ ಜಾಗ ಇಲ್ಲ.”

ಒಂದೇ ಹಾಳೆಯಿಂದ ತೀರ್ಮಾನಕ್ಕೆ ಬರುವುದು ಅವರ ವಿಜ್ಞಾನ. ಹೋಲಿಸಿ ನೋಡುವುದು ನನ್ನ ಚಟ. ವಾಯ್ರಾಳನ್ನು ಬಿಟ್ಟು ಉಳಿದ ಇಪ್ಪತ್ತೆರಡು ಮಕ್ಕಳಿಗೂ ಅದೇ ಪೆನ್ಸಿಲ್, ಅದೇ ವಾಕ್ಯ, ಅದೇ ಹನ್ನೆರಡು ನಿಮಿಷ ಕೊಟ್ಟೆ. ಶುಕ್ರವಾರ ಎಲ್ಲ ಹಾಳೆಗಳನ್ನೂ ಮುಖ್ಯೋಪಾಧ್ಯಾಯಿನಿ ಎಡೆಲ್ಮಿರಾ ಅವರ ಮೇಜಿನ ಮೇಲೆ ಹರಡಿದೆ.

ಇಪ್ಪತ್ತಮೂರರಲ್ಲಿ ಕೊಡೆ ಇದ್ದದ್ದು ಒಂದರಲ್ಲಿ. ಗಾಸ್ಪರ್ ಅರಳಿದರು. “ನೋಡಿ, ಎಂಥ ಭದ್ರವಾದ ಮನಸ್ಸು!”

“ಅವನು ಲಿಯಾಂದ್ರೋ,” ಎಂದೆ. “ಅವರಪ್ಪ ಬೀಚಲ್ಲಿ ಕೊಡೆ ಬಾಡಿಗೆಗೆ ಕೊಡ್ತಾರೆ. ಕೆಳಗೆ ಟವೆಲ್ ಹಾಸಿದೆ, ನೋಡಿ.”

“ಹಾಗಾದ್ರೆ ಉಳಿದ ಇಪ್ಪತ್ತೆರಡೂ... ಇದು ಸಾಮೂಹಿಕ ಆಘಾತ!”

“ಗಾಸ್ಪರ್ ಅವರೇ,” ಎಡೆಲ್ಮಿರಾ ಕನ್ನಡಕ ತೆಗೆದರು, “ಅಷ್ಟೂ ಮಕ್ಕಳನ್ನ ಇಲ್ಲೇ ಉಳಿಸ್ಕೊಂಡ್ರೆ ಒಂದನೇ ಕ್ಲಾಸಲ್ಲಿ ಯಾರ್ರೀ ಕೂರೋದು? ಇವನೊಬ್ಬನೇನಾ, ಕೊಡೆ ಬಿಚ್ಕೊಂಡು?”

ಐದೇ ನಿಮಿಷದಲ್ಲಿ ಕೈಪಿಡಿಯ ಮುನ್ನುಡಿಯಲ್ಲಿ, ಈ ಚಿತ್ರವೊಂದರಿಂದಲೇ ನಿರ್ಧಾರಕ್ಕೆ ಬರಬಾರದು ಎಂಬ ಸಾಲು ಸಿಕ್ಕಿತು. ಮುನ್ನುಡಿಯನ್ನು ಯಾರೂ ಓದಿರಲಿಲ್ಲ, ಪಾಪ. ಗಾಸ್ಪರ್ ವಾಯ್ರಾಳ ವರದಿಯನ್ನು ಹರಿದು ಹೊಸದು ಬರೆದರು: ‘ಒಂದನೇ ತರಗತಿಗೆ ಕಳಿಸಬಹುದು.’ ಮಾನ ಉಳಿಸಿಕೊಳ್ಳಲು ಕೆಳಗೆ ಇನ್ನೊಂದು ಸಾಲು ಸೇರಿಸಿದರು: ‘ಮಳೆಗಾಲದಲ್ಲಿ ನಿಗಾ ಇರಲಿ.’

ಆ ಸಾಲಿನ ಕೆಳಗೇ ಸಹಿ ಹಾಕಿದೆ.