ಕೊಯ್ದ ಹಗ್ಗ

"ಇನ್ನೊಂದು ಗಂಟು ಹಾಕ್ತೀನಿ, ತಡೀರಿ," ಎಂದು ನಿರ್ಮಲ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದ್ದ ಕೊಂಬೆಯನ್ನು ಎಳೆದು ನೋಡಿದಳು. ಗುಡ್ಡದಿಂದ ಸೌದೆ ಹೇರಿಕೊಂಡು ಇಳಿಯುವವರೆಲ್ಲ ಹೀಗೇ ಹಿಂದೆ ಸೊಪ್ಪಿನ ಕೊಂಬೆ ಕಟ್ಟುತ್ತಿದ್ದರು. ನೆಲಕ್ಕೆ ಉಜ್ಜುತ್ತ ಬರುವ ಕೊಂಬೆ ಸೈಕಲ್ಲನ್ನು ಹಿಂದಕ್ಕೆ ಜಗ್ಗುತ್ತಿತ್ತು. ಬ್ರೇಕು ಕೈಕೊಟ್ಟರೂ ಜೀವ ಉಳಿಯುತ್ತಿತ್ತು.

"ನಾನೇನು ಸೌದೆ ಮಾರಾಕೆ ಹೊಂಟೀನಾ? ನೋಡಿದೋರು ನಗ್ತಾರೆ ಕಣೇ," ಎಂದ ಅವಳ ಗಂಡ ಹಾಲಸ್ವಾಮಿ. ಟೆರಿಲಿನ್ ಪ್ಯಾಂಟು ಹೊಲಿಸಿದ ಮೇಲೆ ಅವನಿಗೆ ಮೂರು ಹೊತ್ತೂ ನೋಡಿದವರದ್ದೇ ಚಿಂತೆ.

"ನಗ್ಲಿ. ಇಲ್ಲಾಂದ್ರೆ ಮಗೀನ ಇಳಸ್ರಿ, ನಾನು ಎತ್ಕೊಂಡು ಬರ್ತೀನಿ."

ಸೈಕಲ್ಲಿನ ಮುಂದಿನ ಕಂಬಿಗೆ ಬಿಗಿದ ಪುಟ್ಟ ಸೀಟಿನಲ್ಲಿ ನಾಲ್ಕು ವರ್ಷದ ಮಂಗಳ ಹ್ಯಾಂಡಲ್ ಹಿಡಿದು ಕೂತಿದ್ದಳು. ಗದ್ದದ ಕೆಳಗೆ ಹೊಲಿಗೆಯ ಗುರುತು. ಹೋದ ವರ್ಷ ಸೂಳೆಕೆರೆ ಏರಿಯಿಂದ ಕೈಬಿಟ್ಟು ಸೈಕಲ್ ಇಳಿಸುತ್ತೇನೆಂದು ಹೋಗಿ ಈ ಶೂರ ತಾನೂ ಬಿದ್ದು ಮಗುವನ್ನೂ ಕೆಡವಿದ್ದ. ಇನ್ನು ಇಂಥ ಹುಡುಗಾಟ ಮಾಡಲ್ಲ ಎಂದು ಆವತ್ತು ಮಗಳ ತಲೆ ಮುಟ್ಟಿ ಆಣೆ ಇಟ್ಟಿದ್ದ. ಇವತ್ತೂ ಅದೇ ತಲೆ ಮುಟ್ಟಿದ.

"ಇವಳಾಣೆ, ಕೊಂಬೆ ಬಿಚ್ಚಲ್ಲ. ನೀನು ನಿಧಾನ ಬಾ, ಕೆಳಗೆ ಹೋಟ್ಲತ್ರ ಇರ್ತೀವಿ."

ನಂಬಿದಳು. ಹೆತ್ತ ಮಗಳ ಮೇಲಿನ ಆಣೆಯನ್ನೂ ನಂಬಬಾರದೆಂದರೆ ಇನ್ನು ಸಂಸಾರ ಮಾಡುವುದಾದರೂ ಹೇಗೆ?

ಸವಳಂಗದ ತವರಿಗೆ ಗುಡ್ಡದ ದಾರಿಯೇ ಹತ್ತಿರ. ಬ್ಯಾಗು ಹೆಗಲಿಗೆ ಹಾಕಿಕೊಂಡು ನಿರ್ಮಲ ಗಾಡಿ ಜಾಡಿನಲ್ಲಿ ಇಳಿದಳು. ಕೆಂಪು ಮಣ್ಣಿನ ಮೇಲೆ ಕೊಂಬೆ ಗುಡಿಸಿದ ಗುರುತು ಮುಂದೆ ಮುಂದೆ ಹೋಗುತ್ತಿತ್ತು. ಅದನ್ನು ನೋಡಿದಷ್ಟೂ ಅವಳಿಗೆ ಸಮಾಧಾನ. ಕೆಳಗಿನ ಹೋಟ್ಲು ಕಾಣಿಸುವ ತಿರುವಿಗೆ ಬಂದಾಗ ಗುರುತು ನಿಂತುಹೋಗಿತ್ತು. ಕೊಂಬೆ ಪಕ್ಕದ ಮೆಳೆಯಲ್ಲಿ ಬಿದ್ದಿತ್ತು. ಹಗ್ಗ ಹರಿದಿರಲಿಲ್ಲ, ಬ್ಲೇಡಿನಿಂದ ನೀಟಾಗಿ ಕೊಯ್ದಿದ್ದ.

"ಥೂ, ನಿನ್ನ ಜನ್ಮಕ್ಕಿಷ್ಟು!" ಎಂದಳು ಗಟ್ಟಿಯಾಗಿ. ಕೊಂಬೆಯನ್ನು ಎಳೆದುಕೊಂಡೇ ಓಡಿದಳು.

"ಬ್ರೇಕು ಮುಟ್ಲಿಲ್ಲ ರೀ, ಒಂದ್ಸಲಾನೂ! ಮುಂದೆ ಮಗು ಬೇರೆ. ನೋಡಿದ್ರಲ್ಲ, ಪಿಟಕ್ ಅನ್ಲಿಲ್ಲ ನನ್ನ ಮಗಳು!" ಹಾಲಸ್ವಾಮಿ ಹೋಟ್ಲಿನ ಬೆಂಚಿನಲ್ಲಿ ಕೂತು ಕೊಚ್ಚಿಕೊಳ್ಳುತ್ತಿದ್ದ. ಟೀ ಕುಡಿಯುತ್ತಿದ್ದವರು ಭಲೇ ಭಲೇ ಎನ್ನುತ್ತಿದ್ದರು.

ಮಂಗಳ ದೂರದಲ್ಲಿ ಗೋಡೆಗೆ ಅಂಟಿ ನಿಂತಿದ್ದಳು. ಯಾರೋ ಕೊಟ್ಟ ಬನ್ನು ಕೈಯಲ್ಲಿ ಹಾಗೇ ಇತ್ತು. ಲಂಗ ಒದ್ದೆಯಾಗಿ ತೊಡೆಗೆ ಮೆತ್ತಿಕೊಂಡಿತ್ತು.

ಹೆಂಡತಿಯನ್ನು ಕಂಡದ್ದೇ ಹಾಲಸ್ವಾಮಿ ಪ್ಯಾಂಟು ತೋರಿಸಿದ. "ನೋಡು ನಿನ್ನ ಮಗಳು ಮಾಡಿದ್ದು! ಹೊಸಾ ಪ್ಯಾಂಟು. ಥೂ, ವಾಸನೆ. ಅದಕ್ಕೇ ದೂರ ನಿಲ್ಲಿಸೀನಿ."

"ಕೊಂಬೆ?"

"ಹಗ್ಗ ಹರೀತು, ನಾನೇನು ಮಾಡ್ಲಿ?"

ಅವಳು ಕೊಂಬೆಯನ್ನು ಅವನ ಕಾಲ ಮೇಲೆ ಎಸೆದಳು. "ಸೌದೆ ಚೆನ್ನಾಗೈತೆ," ಎಂದು ನಗಲು ಹೋದವನೊಬ್ಬ ಹಗ್ಗದ ತುದಿ ನೋಡಿ ಮುಖ ತಿರುಗಿಸಿದ.

ಪಕ್ಕದ ಸೈಕಲ್ ಶಾಪಿನಲ್ಲಿ ಚಿಕ್ಕಹನುಮಂತಪ್ಪ ಟ್ಯೂಬಿಗೆ ಪಂಚರ್ ಹಾಕುತ್ತಿದ್ದ. ನಿರ್ಮಲ ಅವನ ಮುಂದೆ ಹೋಗಿ ನಿಂತಳು. "ಅಣ್ಣಾ, ನಮ್ಮ ಸೈಕಲ್ಲಿಂದ ಆ ಸಣ್ಣ ಸೀಟು ಬಿಚ್ಚಿ ಕೊಡ್ರಿ."

"ಲೇ, ಜನದ ಎದುರಿಗೆ ಮರ್ಯಾದೆ ತೆಗೀಬ್ಯಾಡ," ಎಂದ ಹಾಲಸ್ವಾಮಿ ಎದ್ದು ಬಂದು.

"ನಿಮ್ಮ ಮರ್ಯಾದೆ ಅಲ್ಲಿ ಸೋರ್ತಾ ಐತೆ ನೋಡ್ರಿ, ಮಗೀನ ಲಂಗದಾಗೆ. ಅವಳ ತಲೆ ಮುಟ್ಟಿ ಆಣೆ ಇಟ್ಟ ಕೈಲೇ ಕೊಯ್ದ್ರಲ್ರೀ! ನಿಮ್ಮ ಮುಖ ನೋಡಾಕೆ ಅಸಹ್ಯ ಆಗ್ತೈತೆ ನಂಗೆ."

ಚಿಕ್ಕಹನುಮಂತಪ್ಪ ಗಂಡನ ಮುಖ ನೋಡಿದ. ಗೋಡೆಯ ಹತ್ತಿರದ ಮಗುವನ್ನು ನೋಡಿದ. ಸ್ಪ್ಯಾನರ್ ತಗೊಂಡು ಎದ್ದ. ನಟ್ಟು ತುಕ್ಕು ಹಿಡಿದಿತ್ತು, ಬಿಚ್ಚಲು ಹೊತ್ತಾಯಿತು. ಅಷ್ಟೂ ಹೊತ್ತು ಬೆಂಚಿನವರು ಟೀ ಕುಡಿಯುತ್ತ ರಸ್ತೆ ನೋಡಿದರು.

ಸೀಟು ಬ್ಯಾಗಿಗೆ ಹಾಕಿ, ಮಗಳನ್ನು ಹಾಗೇ ಒದ್ದೆಯಲ್ಲೇ ಸೊಂಟಕ್ಕೆ ಎತ್ತಿಕೊಂಡು ನಿರ್ಮಲ ಸವಳಂಗದ ಕಡೆ ನಡೆದಳು. ಹೋಟ್ಲು ಮರೆಯಾದ ಮೇಲೆ ಮಂಗಳ ಬಾಯಿಬಿಟ್ಟಳು.

"ಅಮ್ಮಾ, ನಾನು ಅಳ್ಲಿಲ್ಲ."

"ಯಾಕವ್ವಾ?"

"ಅತ್ತರೆ ಎಲ್ಲಾರೂ ನಗ್ತಾರಂತೆ. ಅಪ್ಪ ಹೇಳ್ತು."

"ಇಲ್ಲಿ ಯಾರೂ ನಗಲ್ಲ. ಅಳು, ನನ್ನವ್ವಾ."

ಹಿಂದಿನಿಂದ ಹಾಲಸ್ವಾಮಿಯ ಸೈಕಲ್ ಬೆಲ್ಲು ಕೇಳಿಸಿತು. ನಿರ್ಮಲ ದಾರಿ ಬಿಡಲಿಲ್ಲ. ಬನ್ನು ಕೆಳಗೆ ಬಿತ್ತು; ಮಂಗಳ ಎರಡೂ ಕೈಯಿಂದ ತಾಯಿಯ ಸೆರಗನ್ನು ಹ್ಯಾಂಡಲ್ ಹಿಡಿದ ಹಾಗೆ ಬಿಗಿಯಾಗಿ ಹಿಡಿದು, ತುಟಿ ಕಚ್ಚಿಕೊಂಡಳು.